ಕಾಲೇಜು ಫ್ಯಾಷನ್ ಪತ್ರಿಕೆಯ ಮುಖಪುಟಕ್ಕೆ ಯಾವ ಫೋಟೊ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ಕೂತು ಪುಟ ಕಟ್ಟುವುದು ನನ್ನ ಕೆಲಸ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಅಂಗಡಿ ಬ್ಯಾನರು ಎಲ್ಲವೂ ಬರುತ್ತವೆ. ಜನವರಿ ಮುಗಿಯುವ ಹೊತ್ತಿಗೆ ಫ್ಯಾಷನ್ ಡಿಸೈನ್ ಓದುವ ಮಕ್ಕಳು ತಮ್ಮ ಪತ್ರಿಕೆ ಹಿಡಿದುಕೊಂಡು ಬರುತ್ತಾರೆ. "ಅಕ್ಕಾ, ಎರಡು ಫೋಟೊ ಇದೆ. ಯಾವ್ದು ಹಾಕೋಣ ಹೇಳಿ" ಅನ್ನುವುದೇ ಮೊದಲ ಮಾತು. ಪ್ರತಿ ವರ್ಷ ಅದೇ ಮಾತು, ಅದೇ ಜಗಳ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಓದಿಕೊಂಡು ಬನ್ನಿ, ಇಬ್ಬರಿಗೂ ಟೈಮ್ ಉಳಿಯುತ್ತದೆ.

ಇರುವುದರಲ್ಲಿ ತುಂಬಾ ಚೆನ್ನಾಗಿರುವ ಫೋಟೊ ಹಾಕಿದರೆ ಆಯ್ತಲ್ವಾ?

ಆಗುವುದಿಲ್ಲ. ಚೆನ್ನಾಗಿರುವ ಫೋಟೊ ಬೇರೆ, ಮುಖಪುಟ ಆಗುವ ಫೋಟೊ ಬೇರೆ. ಒಳ್ಳೆ ಫೋಟೊ ಅದರಷ್ಟಕ್ಕೆ ಪೂರ್ತಿಯಾಗಿರುತ್ತದೆ. ಅದರ ಮೇಲೆ ಒಂದು ಅಕ್ಷರ ಇಟ್ಟರೂ ಕೆಡುತ್ತದೆ. ಮುಖಪುಟದ ಫೋಟೊದಲ್ಲಿ ಏನೋ ಒಂದು ಬಾಕಿ ಇರಬೇಕು. ಮೇಲೆ ಖಾಲಿ ಆಕಾಶವೋ, ಪಕ್ಕದಲ್ಲಿ ಬರೀ ಗೋಡೆಯೋ ಇರಬೇಕು. ಬಾಗಿಲಿಗೆ ಜಾಗ ಬಿಟ್ಟು ಗೋಡೆ ಎಬ್ಬಿಸುತ್ತಾರಲ್ಲ, ಹಾಗೆ.

ಒಂದು ಬ್ಯಾಚಿನವರು ಕಲ್ಯಾಣಿಯ ಮೆಟ್ಟಿಲ ಮೇಲೆ ತೆಗೆದ ಫೋಟೊ ತಂದಿದ್ದರು. ನಿಜಕ್ಕೂ ಚೆಂದ. ಈ ಅಂಚಿನಿಂದ ಆ ಅಂಚಿನವರೆಗೆ ಮೆಟ್ಟಿಲು, ನಡುವೆ ಪುಟ್ಟದಾಗಿ ಹುಡುಗಿ. ಆದರೆ ಹೆಸರು ಎಲ್ಲಿ ಬರೆಯುವುದು? ಬಿಳಿ ಅಕ್ಷರ ಬಿಸಿಲಿನ ಕಲ್ಲಿನಲ್ಲಿ ಕರಗಿತು, ಕಪ್ಪು ಅಕ್ಷರ ನೆರಳಿನಲ್ಲಿ ಮುಳುಗಿತು. "ಮೇಲೆ ಒಂದು ಕಪ್ಪು ಪಟ್ಟಿ ಹಾಕಿಬಿಡಿ ಅಕ್ಕ" ಅಂದರು. ಪಟ್ಟಿ ಹಾಕಿದ ಮೇಲೆ ಶ್ರದ್ಧಾಂಜಲಿ ಬ್ಯಾನರಿನ ಹಾಗೆ ಕಂಡಿತು. ಕೊನೆಗೆ ಆ ಫೋಟೊವನ್ನು ಒಳಗೆ ನಡುವಿನ ಎರಡು ಪುಟಕ್ಕೆ ಹರಡಿದೆವು. ಮುಖಪುಟಕ್ಕೆ ಹೋಗಿದ್ದು ಯಾರೂ ಲೆಕ್ಕಕ್ಕೇ ಇಡದ ಒಂದು ಚಿತ್ರ. ಸುಣ್ಣ ಬಳಿದ ಗೋಡೆ, ಬಲಕ್ಕೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿರುವ ಹುಡುಗಿ, ಅಷ್ಟೇ.

ಎಲ್ಲ ತೆಗೆದು ಹಾಕಿದ ಮೇಲೆ ಎರಡು ಉಳಿದಿವೆ. ಅರ್ಧ ಕ್ಲಾಸು ಇದಕ್ಕೆ, ಅರ್ಧ ಕ್ಲಾಸು ಅದಕ್ಕೆ. ಹೇಗೆ ತೀರ್ಮಾನ ಮಾಡುವುದು?

ಮೊದಲು ವಾಟ್ಸ್ಯಾಪ್ ಗ್ರೂಪಿನಲ್ಲಿ ಓಟು ಹಾಕಿಸುವುದನ್ನು ನಿಲ್ಲಿಸಿ. ಅಲ್ಲಿ ಜನ ಫೋಟೊಗೆ ಓಟು ಹಾಕುವುದಿಲ್ಲ. ಫೋಟೊದಲ್ಲಿರುವ ಗೆಳತಿಗೆ ಹಾಕುತ್ತಾರೆ.

ಎರಡರ ಮೇಲೂ ಪತ್ರಿಕೆಯ ಹೆಸರು, ಸಂಚಿಕೆ, ಒಳಗಿನ ಎರಡು ಲೇಖನದ ಸಾಲು ಇಟ್ಟು ಎ4 ಅಳತೆಯಲ್ಲಿ ಕಲರ್ ಪ್ರಿಂಟ್ ತೆಗೆಸಿ. ಜೆರಾಕ್ಸ್ ಅಂಗಡಿಯ ಸಾದಾ ಪ್ರಿಂಟ್ ಸಾಕು. ಹೆಸರಿಲ್ಲದ ಬರೀ ಫೋಟೊ ಹಿಡಿದು ತೀರ್ಮಾನ ಮಾಡಬೇಡಿ. ತಪ್ಪುವುದು ಅಲ್ಲೇ. ಎರಡನ್ನೂ ಕಾರಿಡಾರಿನ ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಒಂದು ಕಲಸಿಹೋದ ಹಾಗೆ ಕಾಣುತ್ತದೆ, ಇನ್ನೊಂದು ನಿಲ್ಲುತ್ತದೆ. ಆಮೇಲೆ ಅದೇ ಚಿತ್ರಗಳನ್ನು ಫೋನಿನಲ್ಲಿ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಈಗ ಪತ್ರಿಕೆಯನ್ನು ಮೊದಲು ನೋಡುವವರು ಸ್ಟೇಟಸ್ಸಿನಲ್ಲೇ ನೋಡುತ್ತಾರೆ.

ಇನ್ನೂ ಜಗಳ ಮುಗಿಯದಿದ್ದರೆ ನಿಮ್ಮ ವಿಭಾಗಕ್ಕೆ ಸಂಬಂಧವೇ ಇಲ್ಲದ ಮೂವರಿಗೆ ತೋರಿಸಿ. ಕ್ಯಾಂಟೀನಿನವರು, ಲೈಬ್ರರಿಯವರು, ಬಿ.ಕಾಂ. ಹುಡುಗರು, ಯಾರಾದರೂ ಸರಿ. "ಯಾವ್ದು ಚೆನ್ನಾಗಿದೆ" ಅಂತ ಕೇಳಬೇಡಿ. "ಇದರ ಒಳಗೆ ಏನಿರಬಹುದು" ಅಂತ ಕೇಳಿ. "ಬಟ್ಟೆ ಬಗ್ಗೆ" ಅಂತ ಉತ್ತರ ಬಂದರೆ ಆ ಫೋಟೊ ಗೆದ್ದಿತು. "ಟೂರ್ ಬಗ್ಗೆ", "ಮದುವೆ ಆಲ್ಬಮ್ಮಾ?" ಅಂದರೆ ಅದನ್ನು ಪಕ್ಕಕ್ಕಿಡಿ.

ಹೆಸರನ್ನು ಮಾಡೆಲ್ ತಲೆಯ ಹಿಂದೆ ಬರುವ ಹಾಗೆ ಮಾಡಬಹುದಾ? ದೊಡ್ಡ ಪತ್ರಿಕೆಗಳಲ್ಲಿ ಹಾಗೇ ಇರುತ್ತದೆ.

ಇಂಗ್ಲಿಷ್ ಪತ್ರಿಕೆ ನೋಡಿ ಈ ಆಸೆ ಬರುತ್ತದೆ. ಅವರದು ನೂರು ವರ್ಷದ ಹೆಸರು. ಅರ್ಧ ಮುಚ್ಚಿದರೂ ಜನ ಓದಿಕೊಳ್ಳುತ್ತಾರೆ. ನಿಮ್ಮದು ಹೊಸದು.

ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಲಿಪಿಯದು. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಯ ನಡುವೆ ನೆಟ್ಟಗೆ ಕೂರುತ್ತವೆ. ಕನ್ನಡ ಹಾಗೆ ಕೂರುವುದಿಲ್ಲ. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತಕ್ಷರ. 'ಬಣ್ಣ' ಅಂತ ಹೆಸರಿಟ್ಟಿದ್ದೀರಿ ಅನ್ನಿ. ಮಾಡೆಲ್‌ನ ತುರುಬು ಆ ಒತ್ತನ್ನು ಮುಚ್ಚಿದರೆ ಅದು 'ಬಣ' ಆಗುತ್ತದೆ. 'ವಸ್ತ್ರ' ಅಂದರೆ ಇನ್ನೂ ಕಷ್ಟ. ಒಂದೇ ಅಕ್ಷರಕ್ಕೆ ಎರಡು ಒತ್ತು ಜೋತುಬಿದ್ದಿರುತ್ತವೆ. ಸಾಲಿನ ಕೆಳಗೆ ಸುಮಾರು ಜಾಗ ಬೇಕೇ ಬೇಕು. ನಾನೇ ಮೊದಲ ವರ್ಷ ಇದನ್ನು ಅಂದಾಜು ಮಾಡದೆ ಒಂದು ಒತ್ತನ್ನು ಮಾಡೆಲ್‌ನ ಹಣೆ ಮೇಲೆ ಕೂರಿಸಿದ್ದೆ. ದೂರದಿಂದ ಬೈತಲೆ ಬೊಟ್ಟಿನ ಹಾಗೆ ಕಾಣುತ್ತಿತ್ತು.

ಹಾಗಾಗಿ ಕನ್ನಡ ಹೆಸರಿದ್ದರೆ ಫೋಟೊದ ಮೇಲಿನ ಕಾಲು ಭಾಗ ಖಾಲಿ ಇರಲಿ. ಫೋಟೊ ತೆಗೆಯುವವರಿಗೆ ಮೊದಲೇ ಹೇಳಿ: "ತಲೆ ಮೇಲೆ ಜಾಸ್ತಿ ಜಾಗ ಬಿಡಿ. ನಿಮಗೆ ಅಸಹ್ಯ ಅನ್ನಿಸುವಷ್ಟು ಬಿಡಿ." ಬೇಡವಾದರೆ ಆಮೇಲೆ ಕತ್ತರಿಸಬಹುದು. ಇಲ್ಲದ ಆಕಾಶವನ್ನು ತರುವುದು ಕಷ್ಟ.

ಮಾಡೆಲ್ ಕ್ಯಾಮೆರಾ ಕಡೆಗೇ ನೋಡಬೇಕಾ?

ನೋಡಿದರೆ ಒಳ್ಳೆಯದು, ಆದರೆ ಕಡ್ಡಾಯ ಏನಲ್ಲ. ಕಣ್ಣಿಗೆ ಕಣ್ಣು ಕೊಟ್ಟ ಮುಖ ಕೈಹಿಡಿದು ನಿಲ್ಲಿಸುತ್ತದೆ. ಲಂಡನ್ನಿನಲ್ಲಿ 1980ರಲ್ಲಿ ಟೆರ್ರಿ ಜೋನ್ಸ್ ಶುರು ಮಾಡಿದ 'ಐ-ಡಿ' (i-D) ಫ್ಯಾಷನ್ ಪತ್ರಿಕೆ ಇದನ್ನೇ ಒಂದು ಆಟ ಮಾಡಿಕೊಂಡಿತು. ಮುಖಪುಟದ ಮಾಡೆಲ್ ಒಂದು ಕಣ್ಣು ಮಿಟುಕಿಸುತ್ತಾರೆ, ಇಲ್ಲವೇ ಒಂದು ಕಣ್ಣು ಮುಚ್ಚಿರುತ್ತದೆ. ಪತ್ರಿಕೆಯ ಇಂಗ್ಲಿಷ್ ಹೆಸರನ್ನು ಅಡ್ಡ ತಿರುಗಿಸಿದರೆ ಅದೂ ಕಣ್ಣು ಹೊಡೆಯುವ ಮುಖದ ಹಾಗೇ ಕಾಣುತ್ತದೆ. ಶುರುವಿನಲ್ಲಿ ಅದು ಕೈಯಲ್ಲಿ ಪಿನ್ ಹೊಡೆದ ಪತ್ರಿಕೆ. ಕಾಲೇಜಿನವರು ವೋಗ್‌ನಂಥ ದೊಡ್ಡ ಫ್ಯಾಷನ್ ಪತ್ರಿಕೆ ನೋಡುವುದಕ್ಕಿಂತ ಅದನ್ನು ನೋಡುವುದು ವಾಸಿ ಅಂತ ನನ್ನ ಅಭಿಪ್ರಾಯ.

ಮಾಡೆಲ್ ಪಕ್ಕಕ್ಕೆ ನೋಡುತ್ತಿದ್ದರೆ ಒಂದು ವಿಷಯ ಗಮನಿಸಿ. ಅವರು ನೋಡುವ ದಿಕ್ಕಿನಲ್ಲಿ ಜಾಗ ಇರಬೇಕು. ನಮ್ಮ ಪತ್ರಿಕೆ ಬಲದಿಂದ ತೆರೆಯುತ್ತದೆ. ಬಲಕ್ಕೆ ನೋಡುವ ಮುಖ ಓದುಗರನ್ನು ಒಳಗೆ ಕರೆಯುತ್ತದೆ. ಎಡಕ್ಕೆ ನೋಡಿದರೆ ಪಿನ್ ಹೊಡೆದ ಕಡೆಗೆ ಮುಖ ಮಾಡಿದ ಹಾಗೆ. ಹಾಗಂತ ಫೋಟೊ ಕನ್ನಡಿ ಮಾಡಿ ತಿರುಗಿಸಬೇಡಿ. ಸೆರಗು ಬಲ ಭುಜಕ್ಕೆ ಹೋಗುತ್ತದೆ, ಶರ್ಟಿನ ಗುಂಡಿ ಅದಲುಬದಲಾಗುತ್ತದೆ. ಫ್ಯಾಷನ್ ಓದುವವರು ಮಾಡಿದರೆ ಮೇಷ್ಟ್ರು ಬಿಡುತ್ತಾರಾ?

ನಾವು ಮೂರು ತಿಂಗಳು ಕೂತು ಹೊಲಿದಿದ್ದೇವೆ. ಉಡುಪು ತಲೆಯಿಂದ ಕಾಲಿನವರೆಗೆ ಕಾಣಬೇಡವೇ?

ಸಂಕಟ ಅರ್ಥವಾಗುತ್ತದೆ. ಆದರೆ ಪೂರ್ತಿ ಲೆಹೆಂಗಾ ಕಾಣಬೇಕು ಅಂದರೆ ಮುಖ ಒಂದು ರೂಪಾಯಿ ಅಗಲಕ್ಕೆ ಇಳಿಯುತ್ತದೆ. ಕಸೂತಿಯ ಎಳೆ ಒಂದೂ ಕಾಣುವುದಿಲ್ಲ. ಸೊಂಟದಿಂದ ಮೇಲೆ ತೆಗೆದ ಫೋಟೊದಲ್ಲಿ ಕುತ್ತಿಗೆಯ ಪಟ್ಟಿ, ತೋಳಿನ ನೆರಿಗೆ, ಕೈ ಹೊಲಿಗೆ ಕಾಣುತ್ತದೆ. ನಿಮ್ಮ ಮೂರು ತಿಂಗಳು ಕಾಣುವುದು ಅಲ್ಲೇ. ಪೂರ್ತಿ ಉಡುಪಿಗೆ ಒಳಪುಟಗಳಿವೆ.

ಇದಕ್ಕೊಂದು ಹಳೆ ಕತೆ ಇದೆ. ಆನಾ ವಿಂಟೂರ್ ಅಮೆರಿಕದ ವೋಗ್‌ನ ಸಂಪಾದಕಿಯಾಗಿ ತಂದ ಮೊದಲ ಸಂಚಿಕೆ 1988ರ ನವೆಂಬರ್‌ನದು. ಪೀಟರ್ ಲಿಂಡ್‌ಬರ್ಗ್ ತೆಗೆದ ಫೋಟೊ. ಮಾಡೆಲ್ ಹಾಕಿದ್ದು ಬೆಲೆಬಾಳುವ ಕಲ್ಲಿನ ಕೆಲಸದ ಜಾಕೆಟ್. ಅದರ ಜೊತೆಗೆ ಬರಬೇಕಿದ್ದ ಸ್ಕರ್ಟ್ ಅವರಿಗೆ ಸರಿಯಾಗಿ ಕೂರಲಿಲ್ಲ. ಹಾಗಾಗಿ ಮಾಸಲು ಜೀನ್ಸ್ ಹಾಕಿಸಿದರು. ಕಣ್ಣು ಅರ್ಧ ಮುಚ್ಚಿದೆ, ಕೂದಲು ಹಾರುತ್ತಿದೆ, ಹೊಟ್ಟೆ ಸ್ವಲ್ಪ ಕಾಣುತ್ತಿದೆ. ಮುಖಪುಟಕ್ಕೆ ಅಂತ ತೆಗೆದ ಚಿತ್ರವೂ ಅಲ್ಲ ಅದು. ಪ್ರೆಸ್‌ನವರು ಫೋನ್ ಮಾಡಿ, ಇದೇ ಮುಖಪುಟ ತಾನೇ, ತಪ್ಪಾಗಿಲ್ಲ ಅಲ್ವಾ ಅಂತ ಕೇಳಿದ್ದರಂತೆ. ಆಮೇಲೆ ಅದೇ ಹೆಸರಾಯಿತು. ನಿಮ್ಮ ಪೆನ್‌ಡ್ರೈವಿನಲ್ಲಿ 'ಬೇಡ' ಅಂತ ಎತ್ತಿಟ್ಟ ಫೋಲ್ಡರನ್ನು ನಾನು ಯಾಕೆ ಮೊದಲು ತೆರೆಯುತ್ತೇನೆ ಅಂತ ಈಗ ಗೊತ್ತಾಯಿತಲ್ಲ.

ಫೋಟೊಗೆ ನಂದಿಬೆಟ್ಟಕ್ಕೇ ಹೋಗಬೇಕಾ?

ಬೇಡ. ನೀವು ನಂದಿಬೆಟ್ಟಕ್ಕೆ ಹೋದರೆ ಫೋಟೊ ನಂದಿಬೆಟ್ಟದ್ದಾಗುತ್ತದೆ, ಬಟ್ಟೆಯದ್ದಾಗುವುದಿಲ್ಲ. 1,478 ಮೀಟರ್ ಎತ್ತರದ ಬೆಟ್ಟದ ಮುಂದೆ ನಿಮ್ಮ ಕುರ್ತಾ ಯಾರ ಕಣ್ಣಿಗೆ ಬೀಳುತ್ತದೆ? ಶನಿವಾರ ಭಾನುವಾರ ಅಂತೂ ಹಿಂದೆ ಹತ್ತು ಜನ ಸೆಲ್ಫಿ ತೆಗೆಯುತ್ತಿರುತ್ತಾರೆ. ಮಂಜಿದ್ದರೆ ಮಾತ್ರ ಒಂದು ಲಾಭ. ಹಿಂದಿನದೆಲ್ಲ ಅಳಿಸಿಹೋಗಿ ಬೂದು ಪರದೆ ಕಟ್ಟಿದ ಹಾಗಿರುತ್ತದೆ. ಕೆಂಪು, ಅರಿಶಿನದಂಥ ಬಣ್ಣ ಅದರ ಮುಂದೆ ಚೆನ್ನಾಗಿ ಎದ್ದು ಕಾಣುತ್ತದೆ. ಬಿಳಿ ಬಟ್ಟೆ ಕಳೆದುಹೋಗುತ್ತದೆ.

ನನ್ನ ಕೇಳಿದರೆ ಶಿಡ್ಲಘಟ್ಟದ ಕಡೆ ನೋಡಿ. ನಮ್ಮ ಜಿಲ್ಲೆಯ ಪತ್ರಿಕೆಗೆ ರೇಷ್ಮೆಗಿಂತ ಹತ್ತಿರದ ವಿಷಯ ಯಾವುದಿದೆ? ಹಿಪ್ಪುನೇರಳೆ ತೋಟದ ದಟ್ಟ ಹಸಿರು ಒಳ್ಳೆ ಹಿನ್ನೆಲೆ. ಅದಕ್ಕಿಂತ ಒಳ್ಳೆಯದು ಚಂದ್ರಿಕೆ, ಅಂದರೆ ರೇಷ್ಮೆಹುಳು ಗೂಡು ಕಟ್ಟುವ ತಟ್ಟೆ. ಸುರುಳಿ ಸುರುಳಿ ಬಿದಿರಿನ ಪಟ್ಟಿ, ನಡುನಡುವೆ ಗೂಡು. ಮಿಶ್ರತಳಿ ಗೂಡಾದರೆ ಹಳದಿ, ದ್ವಿತಳಿಯಾದರೆ ಬಿಳಿ. ನಿಮ್ಮ ಉಡುಪಿನ ಬಣ್ಣ ನೋಡಿಕೊಂಡು ಆರಿಸಬಹುದು. ಆದರೆ ಮೇಕಪ್ ಮಾಡಿಕೊಂಡು, ಸೆಂಟು ಹೊಡೆದುಕೊಂಡು ಹುಳು ಸಾಕುವ ಮನೆಯೊಳಗೆ ನುಗ್ಗಬೇಡಿ. ರೋಗ ತಗಲುತ್ತದೆ ಅಂತ ರೈತರು ಹೊರಗಿನವರನ್ನು ಬಿಡುವುದಿಲ್ಲ. ಘಾಟು ವಾಸನೆಯೂ ಹುಳುವಿಗೆ ಆಗುವುದಿಲ್ಲ. ಒಂದು ಚಂದ್ರಿಕೆ ಕೇಳಿ ಪಡೆದು, ಹೊರಗೆ ಗೋಡೆಗೆ ಒರಗಿಸಿ ತೆಗೆಯಿರಿ. ಆ ಮನೆಯವರಿಗೆ ಆಮೇಲೆ ಪತ್ರಿಕೆಯ ಒಂದು ಪ್ರತಿ ಕೊಟ್ಟು ಬನ್ನಿ.

ದ್ರಾಕ್ಷಿ ಚಪ್ಪರದ ಕೆಳಗೆ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಎಲೆ ನಡುವಿನಿಂದ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿ ಬೀಳುತ್ತದೆ. ಮೋಡದ ದಿನ ಹೋಗಿ.

ಭೋಗನಂದೀಶ್ವರ ದೇವಸ್ಥಾನದಲ್ಲಿ ತೆಗೆಯಬಹುದಾ?

ಅದು ಪುರಾತತ್ವ ಇಲಾಖೆ ಕಾಪಾಡುತ್ತಿರುವ ಜಾಗ. ಕೈಯಲ್ಲಿ ಫೋನ್ ಹಿಡಿದು ತೆಗೆದುಕೊಳ್ಳುವುದು ಬೇರೆ. ಟ್ರೈಪಾಡ್, ಲೈಟು, ಬಟ್ಟೆ ಬದಲಿಸುವ ಪಟಾಲಂ ಜೊತೆ ಹೋಗುವುದು ಬೇರೆ. ಎರಡನೆಯದಕ್ಕೆ ಮೊದಲೇ ಅನುಮತಿ ಬೇಕು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆದುಕೊಂಡು ಹೋಗಿ. ಪೂಜೆ ನಡೆಯುವ ಗುಡಿ ಅನ್ನುವುದೂ ನೆನಪಿರಲಿ.

ಯಾವ ಹೊತ್ತಿನಲ್ಲಿ ತೆಗೆದರೆ ಒಳ್ಳೆಯದು?

ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ. ಮಧ್ಯಾಹ್ನವೇ ಕ್ಲಾಸ್ ಬಿಡುವುದು ಅಂದರೆ ಜಗುಲಿಯ ನೆರಳಿಗೆ ಬನ್ನಿ. ಮುಖ ಹೊರಗಡೆಗೆ ಇರಲಿ. ಕೆಳಗಿನಿಂದ ಒಂದು ಬಿಳಿ ಥರ್ಮೋಕೋಲ್ ಹಾಳೆ ಹಿಡಿದರೆ ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ.

ಫೋನಿನಲ್ಲಿ ತೆಗೆದ ಫೋಟೊ ಪ್ರಿಂಟಿಗೆ ನಡೆಯುತ್ತಾ?

ನಡೆಯುತ್ತದೆ. ಲೆಕ್ಕ ನೋಡಿ. ಎ4 ಅಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಉಳಿಯಬಾರದು ಅಂತ ನಾಲ್ಕೂ ಕಡೆ 3 ಮಿ.ಮೀ. ಜಾಸ್ತಿ ಬಿಡುತ್ತೇವೆ. ಅಲ್ಲಿಗೆ 216 ಮತ್ತು 303 ಆಯಿತು. ಒಳ್ಳೆ ಪ್ರಿಂಟಿಗೆ ಇಂಚಿಗೆ 300 ಚುಕ್ಕಿ ಬೇಕು. ಅಂದರೆ ಸುಮಾರು 2551 ಮತ್ತು 3579 ಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋನ್ ಲಂಬವಾಗಿ ಹಿಡಿದರೆ 3000 ಮತ್ತು 4000 ಕೊಡುತ್ತದೆ. ಪಕ್ಕದಲ್ಲಿ ಸ್ವಲ್ಪ ಕತ್ತರಿಸಿದರೂ ಇಂಚಿಗೆ 335ರ ಹತ್ತಿರ ಸಿಗುತ್ತದೆ. ಸಾಕಷ್ಟೇ ಅಲ್ಲ, ಉಳಿಯುತ್ತದೆ.

ಕೆಡುವುದು ಎರಡು ಕಡೆ. ಒಂದು, ದೂರ ನಿಂತು ಜೂಮ್ ಮಾಡುವುದು. ಹತ್ತಿರ ಹೋಗಿ ತೆಗೆಯಿರಿ. ಇನ್ನೊಂದು, ವಾಟ್ಸ್ಯಾಪಿನಲ್ಲಿ ಫೋಟೊ ಅಂತ ಕಳಿಸುವುದು. ಉದ್ದ 1600 ಪಿಕ್ಸೆಲ್‌ಗೆ ಇಳಿದ ಚಿತ್ರ ಎ4ಗೆ ಹಿಗ್ಗಿದರೆ ಇಂಚಿಗೆ 134 ಮಾತ್ರ. ಕಸೂತಿ ಎಲ್ಲ ಗಂಜಿ ಆಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ. ಇದನ್ನು ವರ್ಷಕ್ಕೆ ಇಪ್ಪತ್ತು ಸಲ ಹೇಳುತ್ತೇನೆ. ಇಪ್ಪತ್ತೊಂದನೇ ಸಲವೂ ಫೋಟೊ ವಾಟ್ಸ್ಯಾಪಿನಲ್ಲೇ ಬರುತ್ತದೆ.

ಸ್ಕ್ರೀನಿನಲ್ಲಿ ರಾಣಿ ಪಿಂಕ್ ಹೊಳೆಯುತ್ತಿತ್ತು. ಪ್ರಿಂಟಿನಲ್ಲಿ ಯಾಕೆ ಸತ್ತ ಹಾಗಿದೆ?

ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ ಶಾಯಿಯಿಂದ. ನೀಲಿ, ಕೆಂಗುಲಾಬಿ, ಹಳದಿ, ಕಪ್ಪು, ಈ ನಾಲ್ಕು ಶಾಯಿಯಲ್ಲೇ ಎಲ್ಲ ಬರಬೇಕು. ಕಣ್ಣು ಕುಕ್ಕುವ ಗುಲಾಬಿ, ಗಿಳಿಹಸಿರು, ಮಿಂಚುವ ನೀಲಿ ಆ ನಾಲ್ಕಕ್ಕೆ ಸಿಗುವುದಿಲ್ಲ. ಎರಡು ಫೋಟೊ ಸರಿಸಮ ಇದ್ದು, ಒಂದರ ಅಂದವೆಲ್ಲ ಇಂಥ ಬಣ್ಣದಲ್ಲೇ ಇದ್ದರೆ ಇನ್ನೊಂದನ್ನು ಆರಿಸಿ. ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದರೆ ಬಣ್ಣ ಇನ್ನೊಂದು ಚೂರು ಮಂಕಾಗುತ್ತದೆ. ಅದಕ್ಕೇ ಫೋಟೊವನ್ನು ಸ್ವಲ್ಪ ಬೆಳಕು ಮಾಡಿ ಕೊಡುತ್ತೇನೆ. ಕಪ್ಪು ರೇಷ್ಮೆ ಉಡುಪಿದ್ದರೆ ಇದು ಇನ್ನೂ ಮುಖ್ಯ. ನೆರಿಗೆ ಎಲ್ಲ ಒಂದೇ ಕಪ್ಪು ಗುಡ್ಡೆ ಆಗಿಬಿಡುತ್ತದೆ.

ಕಪ್ಪು ಬಿಳುಪು ಹಾಕಬಹುದಾ?

ಬಟ್ಟೆಯ ಆಕಾರ, ನೆರಿಗೆ ನಿಮ್ಮ ವಿಷಯವಾದರೆ ಧೈರ್ಯವಾಗಿ ಹಾಕಿ. ವೋಗ್ 1932ರ ಜುಲೈಯಲ್ಲಿ ಎಡ್ವರ್ಡ್ ಸ್ಟೈಕನ್ ತೆಗೆದ ಬಣ್ಣದ ಫೋಟೊವನ್ನು ಮೊದಲ ಬಾರಿಗೆ ಮುಖಪುಟಕ್ಕೆ ಹಾಕಿತು. 1950ರ ಏಪ್ರಿಲ್‌ನಲ್ಲಿ ಅರ್ವಿಂಗ್ ಪೆನ್ ಅದೇ ಪತ್ರಿಕೆಗೆ ಕಪ್ಪು ಬಿಳುಪು ತಂದರು. ಟೋಪಿ, ಮುಖದ ಮೇಲೆ ತೆಳು ಬಲೆ, ಬಿಳಿ ಹಿನ್ನೆಲೆ. ಅಲ್ಲಿ ಬಣ್ಣ ಇದ್ದಿದ್ದರೆ ಕೆಡುತ್ತಿತ್ತು. ಆದರೆ ಬೆಳಕು ಸರಿಯಿಲ್ಲದ ಫೋಟೊವನ್ನು ಬಚಾವ್ ಮಾಡಲು ಕಪ್ಪು ಬಿಳುಪು ಮಾಡಬೇಡಿ. ಗೊತ್ತಾಗುತ್ತದೆ.

ಮುಖ ಸ್ವಲ್ಪ ಬೆಳ್ಳಗೆ ಮಾಡಿಕೊಡ್ತೀರಾ ಅಕ್ಕ?

ಇಲ್ಲ. ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಕೇಳುವವರು ಮಾಡೆಲ್ ಎದುರಿಗೇ ಕೇಳುತ್ತಾರೆ. ಬೆಳಕು ಕಮ್ಮಿ ಇದ್ದರೆ ಪೂರ್ತಿ ಫೋಟೊದ ಬೆಳಕು ಹೆಚ್ಚಿಸೋಣ. ಮೊಡವೆ ವಾರದಲ್ಲಿ ಹೋಗುವಂಥದ್ದು, ತೆಗೆಯೋಣ. ನೇತಾಡುವ ದಾರ, ಬಟ್ಟೆಯ ಮೇಲಿನ ಕ್ಲಿಪ್ಪು ತೆಗೆಯೋಣ. ಮೈಬಣ್ಣ, ಸೊಂಟದ ಅಳತೆ, ಬಟ್ಟೆಯ ಬಣ್ಣ, ಈ ಮೂರಕ್ಕೆ ಕೈ ಹಾಕುವುದಿಲ್ಲ. ಹೊಲಿಗೆ ಕೂರದಿದ್ದರೆ ಅದನ್ನು ಮೆಷಿನ್ ಮೇಲೆ ಸರಿಮಾಡಿ, ಮೌಸಿನಲ್ಲಿ ಅಲ್ಲ.

1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್‌ನವರು ಗೀಝಾದ ಪಿರಮಿಡ್ಡುಗಳ ಅಡ್ಡ ಫೋಟೊವನ್ನು ಲಂಬ ಮುಖಪುಟಕ್ಕೆ ಹೊಂದಿಸಲು ಪಿರಮಿಡ್ಡನ್ನೇ ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿದ್ದರು. ಈಗಲೂ ಜನ ಅದನ್ನು ಎತ್ತಿ ಆಡುತ್ತಾರೆ. ಅವರು ಮೊದಲೇ ಒಂದು ಲಂಬ ಫೋಟೊ ಆರಿಸಿದ್ದರೆ ಮುಗಿದಿತ್ತು.

ಗೂಗಲ್‌ನಲ್ಲೋ ಪಿಂಟರೆಸ್ಟ್‌ನಲ್ಲೋ ಸಿಕ್ಕಿದ ಫೋಟೊ ಹಾಕಬಹುದಾ? ಎಐಯಲ್ಲಿ ಮಾಡಿಸಿದರೆ?

ಸಿಕ್ಕಿದ್ದೆಲ್ಲ ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಫೋಟೊ ತೆಗೆದವರೇ ಅದರ ಮೊದಲ ಒಡೆಯರು. ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಸೀನಿಯರ್ ತೆಗೆದ ಫೋಟೊ ಆದರೂ ಕೇಳಿ, ಹೆಸರು ಹಾಕಿ. ಎಐ ಚಿತ್ರದ ಬಗ್ಗೆ ನನ್ನದು ಸರಳ ಮಾತು. ಅದರಲ್ಲಿರುವ ಬಟ್ಟೆಯನ್ನು ಯಾರೂ ಹೊಲಿದಿಲ್ಲ. ಹೊಲಿಗೆ ಕಲಿಯುವವರ ಪತ್ರಿಕೆಗೆ ಅದು ಯಾಕೆ?

ಮಾಡೆಲ್ ನಮ್ಮ ಕ್ಲಾಸಿನವಳೇ. ಆದರೂ ಒಪ್ಪಿಗೆ ಪತ್ರ ಬೇಕಾ?

ಬೇಕು. ಅರ್ಧ ಪುಟ ಸಾಕು. ಯಾವ ಫೋಟೊ, ಎಲ್ಲೆಲ್ಲಿ ಬರುತ್ತದೆ, ಇನ್‌ಸ್ಟಾದಲ್ಲೂ ಹಾಕುತ್ತೀರಾ ಅಂತ ಬರೆದು ಸಹಿ ಹಾಕಿಸಿ. 18 ತುಂಬಿಲ್ಲದಿದ್ದರೆ ಅಪ್ಪ ಅಮ್ಮನ ಸಹಿ. ಮೊದಲ ವರ್ಷದ ಡಿಗ್ರಿಯಲ್ಲೂ 17ರವರು ಇರುತ್ತಾರೆ. ಆರಿಸಿದ ಫೋಟೊವನ್ನೇ ತೋರಿಸಿ ಕೇಳಿ. "ಮನೇಲಿ ಬೈತಾರೆ" ಅಂತ ಪ್ರೆಸ್‌ಗೆ ಹೋದ ಮೇಲೆ ಅತ್ತ ಮಗುವನ್ನು ನಾನು ನೋಡಿದ್ದೇನೆ. ಆ ರಾತ್ರಿ ಮುಖಪುಟವೇ ಬದಲಾಯಿತು.

ಮುಖಪುಟದಲ್ಲಿ ಆಡಳಿತ ಮಂಡಳಿಯ ಫೋಟೊ ಬರಲಿ ಅಂತಾರೆ.

ಒಳ್ಳೆ ಆರ್ಟ್ ಪೇಪರಿನಲ್ಲಿ, ಒಳಗಿನ ಮೊದಲ ಪುಟದಲ್ಲಿ, ದೊಡ್ಡದಾಗಿ, ಸಂದೇಶದ ಜೊತೆ ಹಾಕಿ. ಮಾದರಿ ಪುಟ ಮಾಡಿಕೊಂಡೇ ಹೋಗಿ ತೋರಿಸಿ. ಬಾಯಿಮಾತಿಗಿಂತ ಕಣ್ಣೆದುರಿನ ಪುಟಕ್ಕೆ ಬೇಗ ಒಪ್ಪುತ್ತಾರೆ.

ನಿಮ್ಮ ಹತ್ತಿರ ಬರುವಾಗ ಏನೇನು ತರಬೇಕು?

ಆರಿಸಿದ ಫೋಟೊದ ಮೂಲ ಫೈಲು, ಎಡಿಟ್ ಮಾಡದ್ದು. ಎರಡನೇ ಆಯ್ಕೆಯದೂ ಇರಲಿ. ಹೆಸರು ಬರೆದ ಯೂನಿಕೋಡ್ ಫೈಲು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಹೇಳಿ, ಬದಲಿಸಿಕೊಳ್ಳುತ್ತೇನೆ. ಮಾಡೆಲ್, ಉಡುಪು ಹೊಲಿದವರು, ಫೋಟೊ ತೆಗೆದವರು, ಮೂವರ ಹೆಸರೂ ಸರಿಯಾದ ಕಾಗುಣಿತದಲ್ಲಿ. ಆಮೇಲೆ ಸಾಧ್ಯವಾದರೆ ಆ ಉಡುಪಿನ ಒಂದು ತುಂಡು ಬಟ್ಟೆ. ಮೊದಲ ಪ್ರಿಂಟ್ ಬಂದಾಗ ಅದನ್ನು ಕಿಟಕಿ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ಬಣ್ಣ ನೋಡುತ್ತೇವೆ. ಹೋಗುವಾಗ ಪೆನ್‌ಡ್ರೈವ್ ಮರೆಯಬೇಡಿ. ನನ್ನ ಡ್ರಾಯರಿನಲ್ಲಿ ಈಗಾಗಲೇ ಆರು ಬಿದ್ದಿವೆ.